ಸಟ್ಟನ್ನಿನ ನಡಿಗೆ, ಪೇರ್ಲ್ಯಾಂಡ್‌ನ ತಿರುವು

ಅಕ್ಟೋಬರ್ ಬೆಳಿಗ್ಗೆ ಏಳು ಗಂಟೆ. ಇನ್ನೂ ಪೂರ್ತಿ ಬೆಳಕಾಗಿಲ್ಲ. ಹ್ಯೂಸ್ಟನ್ನಿನ ದಕ್ಷಿಣಕ್ಕಿರುವ ಪೇರ್ಲ್ಯಾಂಡ್‌ನ ಶಾಲೆಯೊಂದರ ತಿರುವಿನಲ್ಲಿ, ಚೂಡಿದಾರದ ಮೇಲೆ ಹೊಳೆಯುವ ಹಳದಿ ಜಾಕೆಟ್ ತೊಟ್ಟ ಲೀಲಾವತಿ ‘ಸ್ಟಾಪ್’ ಫಲಕ ಎತ್ತುತ್ತಾರೆ. ಎರಡೂ ಕಡೆ ಕಾರುಗಳು ನಿಲ್ಲುತ್ತವೆ. ದಾಟುವವರು ಅಣ್ಣ ತಂಗಿ ಇಬ್ಬರೇ. ಉಳಿದ ಮಕ್ಕಳೆಲ್ಲ ಶಾಲೆಯ ಗೇಟಿನವರೆಗೆ ತೆವಳುವ ಕಾರಿನ ಸಾಲಿನಲ್ಲಿದ್ದಾರೆ.

ಧಾರವಾಡದ ಲೀಲಾವತಿ ಶಾಲಾಮಕ್ಕಳನ್ನು ರಸ್ತೆ ದಾಟಿಸುವ ಈ ಕೆಲಸ ಕಲಿತದ್ದು ಲಂಡನ್ನಿನ ಅಂಚಿನ ಸಟ್ಟನ್‌ನಲ್ಲಿ. ಪತಿ ನೀಲಕಂಠಪ್ಪ ಅಲ್ಲಿ ಎಕ್ಸ್‌ರೇ ವಿಭಾಗದಲ್ಲಿದ್ದರು; 2001ರಲ್ಲಿ ಹ್ಯೂಸ್ಟನ್ನಿನ ಆಸ್ಪತ್ರೆಗೆ ಬಂದರು. ಕಡಲತೀರದ ಬ್ರೈಟನ್ನಿಗೆ ಹೋಗುವ ಸಾರೋಟು ದಾರಿಯ ಹಳ್ಳಿಯಾಗಿದ್ದ ಸಟ್ಟನ್, 1847ರಲ್ಲಿ ರೈಲು ಬಂದ ಮೇಲೆ ಪಟ್ಟಣವಾಗಿ ಬೆಳೆಯಿತು. ಪ್ರಯಾಣಿಕರು ತಂಗುತ್ತಿದ್ದ ಹಳೆಯ ಹೋಟೆಲನ್ನು ಕೆಡವಿ ದಶಕಗಳಾದರೂ ಅದರ ಬೋರ್ಡು ಕೂಡುರಸ್ತೆಯಲ್ಲಿ ಉಳಿದಿದೆ.

“ಅಲ್ಲಿ ಎಲ್ಲಾರೂ ನಡಕೊಂಡ ಬರತಿದ್ರು, ಮಕ್ಕಳು ಸಾಲಿಗೆ, ದೊಡ್ಡವರು ಸ್ಟೇಷನ್ನಿಗೆ. ಮಕ್ಕಳನ್ನ ಬಿಟ್ಟ ತಾಯಂದ್ರು ನನ್ನ ಕಡೆ ನಿಂತು ಹರಟಿ ಹೊಡಿಯೋರು. ಮಳಿ ಬಗ್ಗೆನ ಅರ್ಧಾ ತಾಸು. ಇಲ್ಲೆ ಕಾರಿನ ಕಿಟಕಿಯೊಳಗ ಒಂದು ಕೈ ಕಾಣತೈತಿ, ಅಷ್ಟ.”

ನಡೆದು ಬರುವ ಮಕ್ಕಳು ಕಡಿಮೆ. ಹಾಗಾಗಿ ಜನವರಿಯಿಂದ ಈ ತಿರುವಿನ ಹುದ್ದೆ ಇರುವುದಿಲ್ಲ ಎಂಬ ಮಾತಿದೆ. ಅದಕ್ಕೇ ಅವರು ಕಾರಿನ ಸಾಲಿನಲ್ಲಿ ಸಿಕ್ಕ ಪರಿಚಿತರನ್ನು ‘ನಡೆದು ಬನ್ನಿ’ ಎನ್ನದೆ ಬಿಡುವುದಿಲ್ಲ.

“ಮನಿಯಿಂದ ನಡದ್ರ ಆರು ನಿಮಿಷ. ಈ ಕಾರಿನ ಸಾಲಿನ್ಯಾಗ ಇಪ್ಪತ್ತು ನಿಮಿಷ ಕುಂದರ್ತಿ ನೋಡವಾ,” ಎಂದು ಕಳೆದ ವಾರ ಹರ್ಷಿಣಿಗೆ ಹೇಳಿದ್ದರು.

“ಕಾರಲ್ಲಿ ಎಸಿ ಇದೆಯಲ್ಲ ಆಂಟಿ,” ಎಂದಿದ್ದರು ಬೆಂಗಳೂರಿನ ಈ ಸಾಫ್ಟ್‌ವೇರ್ ಎಂಜಿನಿಯರ್.

ಇಂದು ಹರ್ಷಿಣಿ ಮಗಳ ಕೈ ಹಿಡಿದು ತಿರುವಿಗೆ ಬಂದಿದ್ದಾರೆ. ಲೀಲಾವತಿಯ ಮುಖ ಅರಳುತ್ತದೆ. ಆಮೇಲೆ ಅಡ್ಡರಸ್ತೆಯಲ್ಲಿ ನಿಂತ ಹರ್ಷಿಣಿಯ ಕಾರು ಕಣ್ಣಿಗೆ ಬೀಳುತ್ತದೆ.

“ಕಾರಿನ್ಯಾಗ ಬಂದು ನಡಿಯೋದು ಎಂಥಾ ನಡಿಗಿ?”

“ನಿಮ್ಮ ಕೆಲಸ ಉಳೀಲಿ ಅಂತ ಆಂಟಿ. ಎದುರುಮನೆಯವರಿಗೂ ಹೇಳಿದೀನಿ.”

ಎದುರುಮನೆಯ ಅಮೆರಿಕನ್ ತಾಯಿಯೂ ಹಾಗೆಯೇ ಬರುತ್ತಾರೆ. ಮಕ್ಕಳು ದಾಟುತ್ತಾರೆ. ತಾಯಂದಿರಿಬ್ಬರೂ ಕಾರಿನತ್ತ ಹೊರಟವರು ಫುಟ್‌ಪಾತಿನಲ್ಲೇ ನಿಂತು ಮಾತಿಗಿಳಿಯುತ್ತಾರೆ.

ಶಾಲೆಯ ಗಂಟೆ ಆಗಿದೆ. ಲೀಲಾವತಿಯ ಪಾಳಿ ಮುಗಿದಿದೆ. ಅವರು ಜಾಕೆಟ್ ಬಿಚ್ಚುವುದಿಲ್ಲ.

“ಕೆಲಸ ಉಳಿದ್ರ ಚಲೋ. ಬ್ಯಾರೆ ಏನೂ ಬೇಡೂದಿಲ್ಲ,” ಎನ್ನುತ್ತಾರೆ ತಗ್ಗಿದ ದನಿಯಲ್ಲಿ. “ಎರಡು ವರ್ಷದಿಂದ ಎದುರುಬದುರು ಮನ್ಯಾಗ ಅದಾರ ಇಬ್ರೂ. ಇವತ್ತ ಮೊದಲ ಸಲ ನಿಂತು ಮಾತಾಡಾಕತ್ತಾರ. ಅವರ ಮಾತು ಮುಗಿಯೂತನಕ ನಾ ಇಲ್ಲೇ ಇರತೀನ್ರಿ.”