ಫಿರಂಗಿಯವರ ಫೋಕಸ್

ಮೈದಾನದಲ್ಲಿ ಅವರನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಹೆಗಲ ಮೇಲಿನ ಆ ಉದ್ದನೆಯ ಲೆನ್ಸ್ ನೋಡಿ ಯಾರೋ ಪುಣ್ಯಾತ್ಮರು ‘ಫಿರಂಗಿ’ ಎಂದರು, ಅದೇ ನಿಂತುಬಿಟ್ಟಿತು. ಅವರಿಗೂ ಬೇಸರವೇನಿರಲಿಲ್ಲ. ಮೊಣಕಾಲಿಗೆ ಪ್ಯಾಡು, ಮೈತುಂಬ ಜೇಬಿರುವ ಅಂಗಿ, ಕೊರಳಲ್ಲಿ ಎರಡು ಕ್ಯಾಮೆರಾ, ಕೈಯಲ್ಲಿ ಲೆನ್ಸಿನ ಭಾರ ಹೊರುವ ಒಂಟಿಕಾಲಿನ ಸ್ಟ್ಯಾಂಡು. ಇಷ್ಟನ್ನೂ ಹೇರಿಕೊಂಡು ಫಿರಂಗಿಯವರು ಬಂದರೆಂದರೆ ಅಂಪೈರು ಕೂಡ ದಾರಿ ಬಿಡುತ್ತಿದ್ದರು. ಅವರು ತೆಗೆದ ಚಿತ್ರ ಪತ್ರಿಕೆಯಲ್ಲಿ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಆದರೆ ಬರಬೇಕಾಗಿದ್ದ ಚಿತ್ರಗಳ ಬಗ್ಗೆ ಅವರ ಬಳಿ ಮಾತು ಬೇಕಾದಷ್ಟಿತ್ತು.

ಆ ಮಾತಿಗೆಲ್ಲ ಮನೆಯಲ್ಲಿ ಖಾಯಂ ಕಿವಿ ಎಂದರೆ ಅವರ ಹೆಂಡತಿ. ವಿಮಾ ಕಚೇರಿಯಲ್ಲಿ ಗುಮಾಸ್ತೆ. ಊಟಕ್ಕೆ ಬಡಿಸುವಾಗ ಶಟರ್ ವೇಗ, ಬಟ್ಟೆ ಒಣಹಾಕುವಾಗ ಬೆಳಕಿನ ಅಳತೆ, ಪಾತ್ರೆ ತೊಳೆಯುವಾಗ ಉಳಿದದ್ದು. ಎಲ್ಲ ಉಪದೇಶದ ಸಾರ ಒಂದೇ.

“ನೋಡು, ಬಟನ್ ಯಾರು ಬೇಕಾದ್ರೂ ಒತ್ತುತ್ತಾರೆ. ಆಟದ ಫೋಟೋ ಅಂದ್ರೆ ಮುಂದೇನಾಗುತ್ತೆ ಅಂತ ಮೊದಲೇ ಗೊತ್ತಿರಬೇಕು. ಕಂಡ ಮೇಲೆ ಒತ್ತಿದ್ರೆ ಮುಗೀತು, ಆಟ ಆಗಲೇ ಮುಂದೆ ಹೋಗಿರುತ್ತೆ.”

ಆಕೆ ಹೂಂಗುಟ್ಟುತ್ತಿದ್ದಳು. ನಡುಮನೆಯ ಗೋಡೆ ತುಂಬ ಜಿಗಿಯುವವರು, ಎಸೆಯುವವರು, ಕೆಸರಲ್ಲಿ ಬಿದ್ದವರು. ಮೂರು ಗೋಲು ಬಿಟ್ಟುಕೊಟ್ಟ ಪರವೂರಿನ ಗೋಲ್‌ಕೀಪರನಿಗೂ ಅಲ್ಲಿ ಜಾಗವಿತ್ತು. ಆಕೆಯದು ಮಾತ್ರ ಒಂದೂ ಫೋಟೋ ಇರಲಿಲ್ಲ. ಕೇಳಿದರೆ, “ನೀನೆಲ್ಲಿ ಓಡಾಡ್ತೀಯ, ನಿನ್ನನ್ನ ಮೊಬೈಲಲ್ಲೇ ತೆಗೀಬಹುದು,” ಎನ್ನುವರು. ಮೊಬೈಲಲ್ಲೂ ತೆಗೆದದ್ದಿಲ್ಲ.

ಆ ವರ್ಷ ಕಚೇರಿಯ ಕ್ರೀಡಾಕೂಟದಲ್ಲಿ ಆಕೆ ನೂರು ಮೀಟರ್ ಓಟಕ್ಕೆ ಹೆಸರು ಕೊಟ್ಟಳು. ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ಓಡಿ, ಕೆಂಪು ಮುಖ ಹೊತ್ತು ಬರತೊಡಗಿದಳು. ಆ ಓಟ ಪ್ರತಿ ವರ್ಷ ಮ್ಯಾನೇಜರ್ ಮೇಡಂ ಪಾಲು. ಮೇಡಂ ಏನೂ ಜಿಂಕೆಯಲ್ಲ. ಅವರನ್ನು ಹಿಂದೆ ಹಾಕಿ, ಮರುದಿನ ಅವರೆದುರೇ ರಜೆ ಕೇಳಿಕೊಂಡು ನಿಲ್ಲುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಗೆರೆ ಹತ್ತಿರ ಬರುತ್ತಲೇ ಒಬ್ಬರಿಗೆ ಕಾಲು ಹಿಡಿದುಕೊಳ್ಳುತ್ತಿತ್ತು, ಇನ್ನೊಬ್ಬರ ಬೂಟಿನ ದಾರ ಬಿಚ್ಚಿಕೊಳ್ಳುತ್ತಿತ್ತು.

“ರೀ, ಈ ಸಲ ನಾನು ಗೆಲ್ತೀನಿ,” ಎಂದಳು ಹೆಂಡತಿ. “ಗೆರೆ ದಾಟೋದು ಒಂದು ಫೋಟೋ ತೆಗೆದುಕೊಡಿ. ಇನ್ನೇನೂ ಬೇಡ.”

“ಆಯ್ತಮ್ಮಾ, ಗೆಲ್ಲು,” ಎಂದು ಫಿರಂಗಿಯವರು ಲೆನ್ಸ್ ಒರೆಸುತ್ತಾ ನಕ್ಕರು.

ಆಕೆ ನಗಲಿಲ್ಲ. ಮದುವೆಯಾದಾಗಿನಿಂದ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಮಹಾಶಯರ ತಲೆಗೆ ಅದು ಹೋಗಲಿಲ್ಲ.

ಕ್ರೀಡಾಕೂಟದ ಮೈದಾನ ಚಿಕ್ಕದು, ಲೆನ್ಸ್ ದೊಡ್ಡದು. ಅಲ್ಲಿಗೆ ಮಾಮೂಲಿ ಲೆನ್ಸ್ ಧಾರಾಳವಾಗಿ ಸಾಕು, ಆದರೆ ಫಿರಂಗಿ ಇಲ್ಲದೆ ಫಿರಂಗಿಯವರು ಬರುವುದು ಹೇಗೆ? ಅದರೊಳಗಿಂದ ನೋಡಿದರೆ ಎಲ್ಲರೂ ಬರೀ ಮೂಗು, ಕಿವಿ. ಹಿಂದೆ ಹಿಂದೆ ಸರಿದು ಕೊನೆಗೆ ಗೇಟನ್ನೂ ದಾಟಿ ಕಸದ ತೊಟ್ಟಿಯ ಪಕ್ಕದಲ್ಲಿ ಮಂಡಿಯೂರಿದರು. ಶಟರನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ ಇಟ್ಟರು. ಹಿಂದಿನ ಗೋಡೆ ಕಾಣಬಾರದೆಂದು ಲೆನ್ಸಿನ ಬಾಯಿಯನ್ನು ಪೂರ್ತಿ ತೆರೆದರು. ಹಾಗೆ ತೆರೆದಾಗ ಒಬ್ಬರು ಮಾತ್ರ ಚೊಕ್ಕವಾಗಿ ಬರುತ್ತಾರೆ. ಅವರಿಗಿಂತ ಒಂದು ಮಾರು ಹಿಂದೆ ಮುಂದೆ ಇದ್ದವರು ಮಬ್ಬು. ಆದ್ದರಿಂದ ಫೋಕಸ್ ಯಾರ ಮೇಲೆ ಎನ್ನುವುದು ಮೊದಲೇ ತೀರ್ಮಾನವಾಗಬೇಕು. ಫಿರಂಗಿಯವರಿಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. ಫೋಕಸ್ ಮ್ಯಾನೇಜರ್ ಮೇಡಂ ಮೇಲೆ.

ಸೀಟಿ ಊದಿದರು. ಹಿಡಿದುಕೊಳ್ಳಬೇಕಾದ ಕಾಲು ಹಿಡಿದುಕೊಂಡಿತು, ಬಿಚ್ಚಬೇಕಾದ ದಾರ ಬಿಚ್ಚಿತು. ಫಿರಂಗಿಯವರು ಒಂದು ಕಣ್ಣು ಮುಚ್ಚಿ, ಮೇಡಂ ಮುಖವನ್ನು ಬಿಡದೆ, ಬಟನ್ ಒತ್ತಿ ಹಿಡಿದರು. ಕ್ಯಾಮೆರಾ ಪಟಪಟ ಹೊಡೆಯಿತು. ಮುಂದೆ ಏನೋ ನೀಲಿ ಬಣ್ಣದ್ದು ಹಾದುಹೋಯಿತು.

“ಯಾರೀ ಅದು ಅಡ್ಡ ಬರೋದು,” ಎಂದು ಗೊಣಗಿ ಕ್ಯಾಮೆರಾ ಇಳಿಸಿದರು. ಗೆರೆಯಾಚೆ ಮೊಣಕಾಲ ಮೇಲೆ ಕೈಯಿಟ್ಟು, ಏದುಸಿರು ಬಿಡುತ್ತಾ ನಗುತ್ತಿದ್ದ ನೀಲಿ ಅಂಗಿಯವಳು ಅವರ ಹೆಂಡತಿ. ಚಪ್ಪಾಳೆ ತಟ್ಟುವುದೋ ಬೇಡವೋ ಎಂದು ಕಚೇರಿಗೆ ಕಚೇರಿಯೇ ಮೇಡಂ ಮುಖ ನೋಡುತ್ತಿತ್ತು.

ಸಂಜೆ ಮನೆಗೆ ಬಂದವಳೇ ಕಾಲು ಕೂಡ ತೊಳೆಯದೆ ಕಂಪ್ಯೂಟರ್ ಮುಂದೆ ಕುಳಿತಳು. ಪರದೆಯ ಮೇಲೆ ಮೇಡಂ ಇದ್ದರು: ಹಲ್ಲು, ಬೆವರು, ಕನ್ನಡಕದ ಪುಟಾಣಿ ಸ್ಕ್ರೂ. ಅವರ ಮುಂದೆ ಇಂಕು ಚೆಲ್ಲಿದ ಹಾಗೆ ಒಂದು ನೀಲಿ ಕಲೆ. ಚಿತ್ರದ ಮೇಲೆ ಚಿತ್ರ, ಎಲ್ಲವೂ ಹಾಗೆಯೇ.

ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಮಾತಿಗೆ ಫಿರಂಗಿಯವರ ಬಾಯಿ ಪಳಗಿರಲಿಲ್ಲ.

“ಇದು ಬೇಕಂತಲೇ ಮಾಡಿದ್ದು,” ಎಂದರು. “ಪ್ಯಾನಿಂಗ್ ಅಂತಾರೆ. ವೇಗ ಕಾಣಬೇಕು ಅಂದ್ರೆ ಹೀಗೇ ತೆಗೀಬೇಕು.”

“ಪ್ಯಾನಿಂಗ್‌ನಲ್ಲಿ ಕ್ಯಾಮೆರಾ ಓಡೋರ ಜೊತೆ ತಿರುಗುತ್ತೆ. ಓಡೋರು ಚೊಕ್ಕ ಬರ್ತಾರೆ, ಹಿಂದಿನ ಗೋಡೆ ಗೆರೆಗೆರೆ ಆಗುತ್ತೆ. ಇಷ್ಟು ವರ್ಷ ಅನ್ನದ ಜೊತೆ ಇದನ್ನೇ ತಿಂದಿದೀನಿ ರೀ,” ಎಂದಳು ಹೆಂಡತಿ. “ಮೇಡಂ ಏನು ನಿಂತಿದ್ರಾ? ಅವರೂ ಓಡ್ತಾನೇ ಇದ್ರಲ್ಲ.”

ಫಿರಂಗಿಯವರು ಲೆನ್ಸ್ ಒರೆಸುವ ಬಟ್ಟೆ ಹುಡುಕತೊಡಗಿದರು.

“ಸೀಟಿ ಊದೋಕೆ ಮುಂಚೆನೇ ನೀವು ನನ್ನನ್ನ ಸೋಲಿಸಿಬಿಟ್ಟಿದ್ರಿ,” ಎಂದಳು ಆಕೆ. ಗೆದ್ದದ್ದಕ್ಕೆ ಇಡೀ ದಿನ ಯಾರೂ ಭೇಷ್ ಎಂದಿರಲಿಲ್ಲ. ಅಷ್ಟು ದೊಡ್ಡ ಲೆನ್ಸಿನ ಹಿಂದೆ ಕೂತವರಾದರೂ ತನ್ನನ್ನು ನೋಡುತ್ತಿದ್ದಾರೆ ಎಂದು ನಂಬಿ ಓಡಿದ್ದಳು.

ಮರುವಾರ ಆಕೆಯೇ ಆ ಚಿತ್ರಗಳಲ್ಲೊಂದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದಳು. ಪರವೂರಿನ ಗೋಲ್‌ಕೀಪರನನ್ನು ಇಳಿಸಿ, ಬಾಗಿಲಿಗೆ ಎದುರಾಗಿ ಅದೇ ಮೊಳೆಗೆ ತೂಗುಹಾಕಿದಳು. ತೆಗೆಯಲು ಫಿರಂಗಿಯವರಿಗೆ ಕೈ ಬರಲಿಲ್ಲ, ಬಿಡಲು ಮನಸ್ಸು ಬರಲಿಲ್ಲ.

ಮೊನ್ನೆ ಇನ್ನೊಬ್ಬ ಫೋಟೋಗ್ರಾಫರ್ ಮನೆಗೆ ಬಂದಿದ್ದ. ಒಳಗೆ ಕಾಲಿಟ್ಟವನೇ ಅದರ ಮುಂದೆ ನಿಂತ.

“ಎಂಥ ಫೋಕಸ್ ಸಾರ್, ಸ್ಕ್ರೂ ಕೂಡ ಎಣಿಸಬಹುದು. ಗೆದ್ದವರು ಇವರೇನಾ?”

“ಅಲ್ಲ, ಅವರು ಗೆಲ್ತಾರೆ ಅಂತ ಇವರು ಅಂದ್ಕೊಂಡಿದ್ರು,” ಎಂದಳು ಹೆಂಡತಿ, ಚಹಾದ ಲೋಟ ಇಡುತ್ತಾ. “ಗೆದ್ದಿದ್ದು ನಾನು. ಮುಂದೆ ನೀಲಿ ಕಲೆ ಕಾಣ್ತಿದೆಯಲ್ಲ, ಅದು.”

ಬಂದವನು ಎಲ್ಲಿ ನೋಡುವುದೆಂದು ತಿಳಿಯದೆ, ಮಾತು ಬದಲಿಸಲು ಯಾವ ಲೆನ್ಸ್ ಸಾರ್ ಎಂದು ಕೇಳಿದ. ಲೆನ್ಸಿನ ವಿಷಯ ಎತ್ತಿದರೆ ಹೊತ್ತು ಮುಳುಗಿಸುತ್ತಿದ್ದ ಫಿರಂಗಿಯವರು, ಚಹಾ ಆರಿಹೋಗುತ್ತೆ, ಕುಡೀರಿ ಎಂದರು.