ಅಡ್ಜಸ್ಟ್ ಆಗದ ಒಂದು ಬಾಗಿಲು

ನಮ್ಮ ಪಿರಿಯಾಪಟ್ಟಣದ ಕಡೆಯವರಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಂದು ಪದ ಬರುತ್ತದೆ. ಹುಟ್ಟಿನಿಂದ ತಿಥಿಯವರೆಗೆ ಎಲ್ಲವನ್ನೂ ಆ ಒಂದೇ ಪದದಲ್ಲಿ ಮುಗಿಸುತ್ತಾರೆ. ಅದು ‘ಅಡ್ಜಸ್ಟ್’.

ಡಿಕ್ಷನರಿಯಲ್ಲಿ ಅದಕ್ಕೆ ‘ಸರಿಹೊಂದಿಸು’ ಎಂದು ಅರ್ಥ ಕೊಟ್ಟಿದ್ದಾರೆ. ಪಾಪ, ಅದನ್ನು ಬರೆದವರು ಹುಣಸೂರಿನ ಬಸ್ಸು ಹತ್ತಿಲ್ಲ. ಇಲ್ಲಿ ಅದರ ಅರ್ಥ ‘ನೀನು ಸಣ್ಣಗಾಗು, ನಾನು ಅಗಲವಾಗಿ ಕೂರುತ್ತೇನೆ’ ಎಂದು. ಮೂರು ಜನರ ಸೀಟಿಗೆ ನಾಲ್ಕನೆಯವರು ಮೊದಲು ಒಂದು ತೊಡೆ ಇಟ್ಟು, ಆಮೇಲೆ ಬಾಯಿ ತೆರೆಯುತ್ತಾರೆ: “ಒಸಿ ಅಡ್ಜಸ್ಟ್ ಮಾಡ್ಕಳವ್ವ.” ನಾನು ಹುಣಸೂರಿನ ಕಾಲೇಜಿಗೆ ಎಷ್ಟೋ ದಿನ ಕಿಟಕಿಯ ಹೊರಗಿನಿಂದಲೇ ಹೋಗಿದ್ದೇನೆ. ಬಸ್ಸಿನ ಒಳಗೆ ಇದ್ದದ್ದು ನನ್ನ ಪಾಸು ಮಾತ್ರ. ಹೋಟೆಲಿನಲ್ಲಿ ಸಾಂಬಾರು ಮುಗಿದರೆ ಚಟ್ನಿಯಲ್ಲಿ ಅಡ್ಜಸ್ಟ್, ಚಟ್ನಿ ಮುಗಿದರೆ ನೀರಿನಲ್ಲಿ ಅಡ್ಜಸ್ಟ್. ಟೈಲರ್ ನನ್ನ ಅಳತೆಗೆ ಹೊಲಿದ ಚೂಡಿದಾರದೊಳಗೆ ನಮ್ಮ ಎಮ್ಮೆಯೂ ಆರಾಮಾಗಿ ತೂರುತ್ತಿತ್ತು. “ಮುಂದ್ಕೆ ಬೆಳೀತೀಯಲ್ಲ, ಅಡ್ಜಸ್ಟ್ ಆಯ್ತದೆ ಬುಡು” ಎಂದ.

ಈ ಪದದ ಇನ್ನೊಂದು ಗುಣವನ್ನು ನಾನು ಪತ್ತೆ ಮಾಡಿದ್ದೇನೆ. ಅದನ್ನು ಹೇಳುವವರು ಯಾವತ್ತೂ ಅಡ್ಜಸ್ಟ್ ಆಗುವುದಿಲ್ಲ. ಪದ ನೀರಿನ ಹಾಗೆ ಮೇಲಿನಿಂದ ಕೆಳಗೇ ಹರಿಯುತ್ತದೆ. ಹರಿದು ಹರಿದು ಕೊನೆಗೆ ಬಂದು ನಿಲ್ಲುವುದು ನಮ್ಮಪ್ಪನ ಹತ್ತಿರ. ಪಕ್ಕದ ಹೊಲದವರು ಬೇಲಿಯನ್ನು ನಮ್ಮ ಕಡೆಗೆ ಜರುಗಿಸಿದಾಗ ಅಪ್ಪ ಅಡ್ಜಸ್ಟ್ ಆದದ್ದಲ್ಲದೆ, ಅವರಿಗೆ ಗೂಟ ಹೊಡೆಯಲು ಸುತ್ತಿಗೆಯನ್ನೂ ಕೊಟ್ಟರು. ಕಾಲು ತುಳಿದವರಿಗೆ “ನಿಮ್ ಕಾಲ್ಗೆ ನೋವಾಯ್ತೇನೋ” ಎಂದು ಕೇಳುವ ಮನುಷ್ಯ.

ಅಕ್ಕ ಹಾಗಲ್ಲ. ಹುಣಸೂರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಅವಳದು. ಸೂಜಿ ಹಿಡಿದರೆ ಎಂಥ ಮೀಸೆಯ ಗೌಡರೂ ಕಣ್ಣು ಮುಚ್ಚಿಕೊಳ್ಳುತ್ತಾರೆ ಎಂಬುದು ಅವಳ ಹೆಮ್ಮೆ. ಕೆ.ಆರ್. ನಗರದ ಕಡೆಯವರು ಅವಳನ್ನು ನೋಡಲು ಬರುತ್ತಾರೆ ಎಂದಾದಾಗಲೇ ಅಪ್ಪನನ್ನು ಹಿಡಿದು ನಿಲ್ಲಿಸಿದಳು.

“ಮದ್ವೆ ಬೇಕಾದ್ರೆ ಮಾಡು. ಕೆಲ್ಸ ಮಾತ್ರ ಬುಡಕ್ಕಿಲ್ಲ ಕಣಪ್ಪ, ಈಗ್ಲೇ ಯೋಳಿವ್ನಿ.”

“ನೋಡುವ ಬುಡು ಮಗ” ಎಂದರು ಅಪ್ಪ. ಅಪ್ಪ ‘ನೋಡುವ’ ಎಂದರೆ ಕೆಲಸ ಅರ್ಧ ಹೋದ ಹಾಗೆ. ಗಂಡಿನವರ ಎದುರು ‘ಹೂಂ’ ಎಂದುಬಿಟ್ಟರೆ ಪೂರ್ತಿ ಹೋದ ಹಾಗೆ.

ಭಾನುವಾರ ಒಂದೇ ಕಾರಿನಲ್ಲಿ ಬಂದರು. ಒಬ್ಬರ ಮಡಿಲಿನಿಂದ ಒಬ್ಬರು ಇಳಿದು ಮುಗಿಯುವ ಹೊತ್ತಿಗೆ ಅಮ್ಮ ಮಾಡಿದ ಉಪ್ಪಿಟ್ಟು ಆರಿ ಇಟ್ಟಿಗೆಯಾಗಿತ್ತು. ಗಂಡಿಗೆ ಮಾತು ಬರುತ್ತದೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವನು ಮೊಬೈಲನ್ನೇ ನೋಡುತ್ತಿದ್ದ. ಅವನ ಬಾಯಿಯ ಗುತ್ತಿಗೆಯನ್ನು ಅವನ ಚಿಕ್ಕಪ್ಪ ತೆಗೆದುಕೊಂಡಿದ್ದ.

“ಉಡ್ಗಿ ಒಪ್ಗೆ ಕಣ್ರೀ” ಎಂದ ಚಿಕ್ಕಪ್ಪ, ಎರಡನೆಯ ಸಲ ಕೇಸರಿಬಾತು ಹಾಕಿಸಿಕೊಳ್ಳುತ್ತ. “ಆದ್ರೆ ನಮ್ಮನೇಲಿ ಎಣ್ಮಕ್ಳು ಕೆಲ್ಸಕ್ಕೋಗೋ ಪದ್ಧತಿ ಇಲ್ಲ. ಅದೊಂದು ಒಸಿ ಅಡ್ಜಸ್ಟ್ ಮಾಡ್ಕಂಡ್ರೆ ಆಯ್ತು.”

ಅಕ್ಕ ಅಪ್ಪನನ್ನು ನೋಡಿದಳು. ಅಪ್ಪ ಉಪ್ಪಿಟ್ಟನ್ನು ನೋಡಿದರು. ಉಪ್ಪಿಟ್ಟು ಏನೂ ಹೇಳಲಿಲ್ಲ.

“ಯೋಚ್ನೆ ಮಾಡಿ” ಎಂದು ಚಿಕ್ಕಪ್ಪ ಎದ್ದ. “ಅಲ್ಲೀಗಂಟ ನಿಮ್ ಬೆಳೆ ನೋಡ್ಕಬತ್ತೀನಿ.”

ನಮ್ಮ ಬೆಳೆ ಹೊಗೆಸೊಪ್ಪು. ಅದನ್ನು ಬೇಯಿಸುವ ಬ್ಯಾರನ್ ಮನೆಯ ಹಿಂದೆಯೇ ಇದೆ. ಕಿಟಕಿಯಿಲ್ಲದ ಎತ್ತರದ ಕಟ್ಟಡ, ಒಳಗೆ ಕಡ್ಡಿಗಳಿಗೆ ಕಟ್ಟಿ ತೂಗುಹಾಕಿದ ಸೊಪ್ಪು, ಹೊರಗೆ ಒಲೆಯಲ್ಲಿ ಬೆಂಕಿ. ಅವತ್ತು ಎಲೆ ಚಿನ್ನದ ಬಣ್ಣಕ್ಕೆ ತಿರುಗಿ, ನಡುವಿನ ದಂಟು ಒಣಗುತ್ತಿತ್ತು. ಆ ಹೊತ್ತಿನಲ್ಲಿ ಬಾಗಿಲು ತೆಗೆಯುವ ಹಾಗೇ ಇಲ್ಲ. ಬಾಗಿಲಿಗೆ ಕೂರಿಸಿದ ಗಾಜಿನಲ್ಲಿ ಥರ್ಮಾಮೀಟರ್ ಇಣುಕಿ ನೋಡಬೇಕು, ಅಷ್ಟೇ. ತಣ್ಣನೆಯ ಗಾಳಿ ನುಗ್ಗಿದರೆ ದಂಟಿನ ನೀರು ವಾಪಸು ಎಲೆಗೆ ಇಳಿದು ಕಪ್ಪು ಕಲೆ ಬೀಳುತ್ತದೆ.

ಚಿಕ್ಕಪ್ಪನಿಗೆ ಇದೆಲ್ಲ ಹೇಗೆ ಗೊತ್ತಿರಬೇಕು. ಅವರದು ಕಾಲುವೆ ನೀರಿನ ಬತ್ತದ ಸೀಮೆ. ಅಲ್ಲಿ ನೆಂಟರ ಮನೆಗೆ ಹೋದರೆ ಕಣಜದ ಬಾಗಿಲು ತೆಗೆದು, ಒಂದು ಹಿಡಿ ಬತ್ತ ಎತ್ತಿ ಮೂಸಿ, ‘ಚೆಂದಾಗೈತೆ’ ಎನ್ನುವುದು ಮರ್ಯಾದೆ. ಆ ಮರ್ಯಾದೆಯನ್ನೇ ತೋರಿಸಿದ. ಅಗುಳಿ ಎಳೆದು ಬ್ಯಾರನ್ನಿನ ಬಾಗಿಲನ್ನು ಹಾರು ಹೊಡೆದು, “ಬನ್ರಪ್ಪೋ, ನೋಡ್ಬನ್ನಿ” ಎಂದು ಇಡೀ ಕಾರನ್ನು ಕರೆದ.

ನಮ್ಮಪ್ಪ ಓಡಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಪಂಚೆ ಒಂದು ಕಡೆ, ಅಪ್ಪ ಒಂದು ಕಡೆ.

“ಬಾಗ್ಲು ಆಕಿ, ಆಕಿ.”

“ತಡೀರಿ ಬೀಗ್ರೆ, ನಮ್ಮುಡ್ಗ ಒಂದು ಫೋಟೋ ತಕ್ಕಳ್ಲಿ” ಎಂದ ಚಿಕ್ಕಪ್ಪ, ಹೊಸ್ತಿಲಿನ ಮೇಲೇ ನಿಂತು. “ಎರಡು ನಿಮ್ಸ. ಅಡ್ಜಸ್ಟ್ ಮಾಡ್ಕಳಿ.”

ಅಪ್ಪ ಅವನ ರಟ್ಟೆ ಹಿಡಿದು, ಗೊಬ್ಬರದ ಮೂಟೆ ಎಳೆದ ಹಾಗೆ ಆಚೆಗೆ ಎಳೆದು, ಬಾಗಿಲು ಮುಚ್ಚಿ ಬೆನ್ನು ಕೊಟ್ಟು ನಿಂತರು.

“ಅಡ್ಜಸ್ಟು ಗಿಡ್ಜಸ್ಟೆಲ್ಲ ನಿಮ್ಮನೇಲಿ ಮಡೀಕಳಿ. ಇದ್ಕೆ ಬಿಸಿ ಬೇಕು ಅಂದ್ರೆ ಬಿಸಿನೇ ಬೇಕು. ಇದು ಯಾರ್ ಮಾತೂ ಕೇಳಕ್ಕಿಲ್ಲ.”

ಗಂಡು ಮೊದಲ ಸಲ ಮೊಬೈಲಿನಿಂದ ತಲೆ ಎತ್ತಿದ. ಕಾಫಿ ತಟ್ಟೆ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಿದ್ದ ಅಕ್ಕ ದನಿ ಏರಿಸದೆ ಹೇಳಿದಳು:

“ಅಪ್ಪ, ಆ ಎಲೆಗೆ ಕೊಟ್ಟಷ್ಟು ಮರ್ಯಾದೆ ನಂಗೂ ಕೊಡು.”

ಅಪ್ಪ ಗಾಜಿನ ಕಡೆಗೆ ತಿರುಗಿದರು. ಒಳಗೆ ಬಿಸಿ ಇಳಿದಿತ್ತು. ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದು ಸೌದೆ ತಳ್ಳಿ, ಬೆಂಕಿಗೇ ಹೇಳುವವರ ಹಾಗೆ ಹೇಳಿದರು:

“ನಮ್ಮುಡ್ಗಿ ಕೆಲ್ಸ ಬುಡಕ್ಕಿಲ್ಲ ಕಣ್ರೀ. ಆಗೋದಾದ್ರೆ ನೀವೇ ಅಡ್ಜಸ್ಟ್ ಆಗಿ.”

ಈ ಪದ ಕೆಳಗಿನಿಂದ ಮೇಲಕ್ಕೆ ಹರಿದದ್ದನ್ನು ಅವರು ಹುಟ್ಟಿದಾರಭ್ಯ ನೋಡಿರಲಿಲ್ಲ ಅನ್ನಿಸುತ್ತದೆ. ಕಾಫಿಯನ್ನೂ ಮುಟ್ಟಲಿಲ್ಲ. ಇಳಿಯಲು ಅಷ್ಟು ಹೊತ್ತು ತೆಗೆದುಕೊಂಡವರು ಹತ್ತಲು ಕ್ಷಣವೂ ತೆಗೆದುಕೊಳ್ಳಲಿಲ್ಲ. ಸಂಜೆ ‘ಎಣ್ಣಿನ ಬಾಯಿ ಜೋರಾಯ್ತು’ ಎಂದು ಅವರ ಫೋನು ಬಂತು. ಅಮ್ಮ ಅತ್ತಳು, ಅರ್ಧ ಸಂಬಂಧಕ್ಕೆ, ಅರ್ಧ ಕೇಸರಿಬಾತಿಗೆ. ಬಾಗಿಲ ಪಕ್ಕದ ಕಡ್ಡಿಗಳ ಸೊಪ್ಪಿಗೆ ಕಲೆ ಬಿದ್ದೇಬಿತ್ತು. ಅಪ್ಪ ಅದನ್ನು ಬೇರೆ ಕಟ್ಟಿಟ್ಟರು, ಅಕ್ಕನಿಗೆ ಏನೂ ಅನ್ನಲಿಲ್ಲ.

ಸೋಮವಾರ ಬಸ್ಸಿನಲ್ಲಿ ಅಕ್ಕ, ನಾನು, ಯಾರೋ ಒಬ್ಬ ಅಜ್ಜಿ ಕೂತಿದ್ದೆವು. ಸಫಾರಿ ತೊಟ್ಟ ಒಬ್ಬ ಭಾರೀ ದೇಹದವನು ಬಂದು ಅಭ್ಯಾಸದಂತೆ ತೊಡೆ ಮುಂದೆ ಮಾಡಿ, “ಒಸಿ ಅಡ್ಜಸ್ಟ್ ಮಾಡ್ಕಳ್ರವ್ವ” ಎಂದ. ನಾನು ಕಿಟಕಿಯ ಹೊರಗೆ ಹೋಗಲು ಸಿದ್ಧಳಾದೆ.

“ಆಗಕ್ಕಿಲ್ಲ ಕಣಣ್ಣ” ಎಂದಳು ಅಕ್ಕ, ಲ್ಯಾಬಿನ ಬಿಳಿ ಕೋಟನ್ನು ಮಡಿಲಲ್ಲಿ ಸರಿಮಾಡಿಕೊಳ್ಳುತ್ತ. “ಮೂರ್ ಜನದ ಸೀಟು.”

ಅವನು ಹುಣಸೂರಿನವರೆಗೂ ನಿಂತೇ ಬಂದ. ಕುಡಿದ ಕಷಾಯ ಗಂಟಲಲ್ಲೇ ನಿಂತವನ ಹಾಗಿತ್ತು ಮುಖ.