ಹೊನ್ನೆ ಹಲಗೆಯ ಸಣ್ಣ ತೂತುಗಳು

ಮೂಡಲಪಾಳ್ಯದ ಅಮೀನಪ್ಪನವರದ್ದು ನಲವತ್ತು ವರ್ಷದ ಮರಗೆಲಸ. ಹಳೇ ಹಲಗೆಯ ಮೇಲಿನ ಮೊಳೆ ಗುರುತು ನೋಡಿಯೇ ಅದು ಹಿಂದೆ ಬಾಗಿಲಾಗಿತ್ತೋ ಅಟ್ಟವಾಗಿತ್ತೋ ಹೇಳಿಬಿಡುತ್ತಿದ್ದರು. ಮರದ ವಿಷಯದಲ್ಲಿ ಅವರು ಸುಳ್ಳು ಹೇಳಿದ್ದು ಒಂದೇ ಸಲ.

ವಿಜಯನಗರದ ಅಂಬುಜಾ ಟೀಚರ್ ರಿಟೈರಾದ ಮೇಲೆ, ಅವರು ಪಾಠ ಮಾಡಿದ್ದ ಶಾಲೆಯನ್ನು ಕೆಡವಿದರು. ನಾಟಕದ ವೇದಿಕೆಯ ಹೊನ್ನೆ ಹಲಗೆಗಳನ್ನು ಟೀಚರ್ ಕೊಂಡು ತಂದು, ತಮ್ಮ ಮನೆಯ ಮಹಡಿ ಕೋಣೆಗೆ ನೆಲ ಹಾಸಿಕೊಡಿ ಅಂತ ಅಮೀನಪ್ಪನವರಿಗೆ ಅಂದರು.

ಒಂದು ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ 'ರಾಜ' ಎಂದು ಬರೆದಿತ್ತು.

"ಮಕ್ಕಳು ಎಲ್ಲಿ ನಿಲ್ಲಬೇಕು ಅಂತ ನಾನೇ ಬರೆದಿದ್ದು ಕಣ್ರೀ," ಅಂತ ಟೀಚರ್ ಆ ಅಕ್ಷರ ಸವರಿದರು.

ಆ ಹಲಗೆಯನ್ನು ಮಗುಚಿದಾಗ ಅಮೀನಪ್ಪನವರಿಗೆ ಅಂಚಿನಲ್ಲಿ ಸೂಜಿ ಚುಚ್ಚಿದಂಥ ತೂತುಗಳು ಕಂಡವು. ತಟ್ಟಿದರೆ ಹಿಟ್ಟಿನಂಥ ಪುಡಿ ಉದುರಿತು. ಹಳೇ ತೂತಾದರೆ ಒಳಗೆ ಕಪ್ಪಗಿರುತ್ತದೆ, ಪುಡಿ ಉದುರುವುದಿಲ್ಲ. ಇದರೊಳಗೆ ಹುಳ ಬದುಕಿದೆ ಅಂತ ಅವರಿಗೆ ಆಗಲೇ ಗೊತ್ತಾಯಿತು.

"ಏನಾದ್ರೂ ತೊಂದ್ರೆನಾ?"

ಟೀಚರ ಮುಖ ನೋಡಿ ಅವರಿಗೆ ನಿಜ ಹೇಳಲು ಬಾಯಿ ಬರಲಿಲ್ಲ. "ಹಳೇ ತೂತು ಅಮ್ಮ. ಹುಳ ಸತ್ತು ಯಾವ ಕಾಲ ಆಯ್ತೋ," ಅಂದು ಪುಡಿಯನ್ನು ಅಂಗಿ ತೋಳಿನಿಂದ ಒರೆಸಿ, ಆ ಹಲಗೆಯನ್ನೂ ಹಾಸಿಬಿಟ್ಟರು. ಹಲಗೆ ಬೇರೆ ಇಟ್ಟು ಔಷಧಿ ಹೊಡೆದಿದ್ದರೆ ಒಂದು ತಿಂಗಳ ಕೆಲಸ, ಅಷ್ಟೇ.

ಒಂದೂವರೆ ವರ್ಷದ ಮೇಲೆ, ನೆಲದ ಮೇಲೆಲ್ಲ ಪುಡಿ ಬೀಳುತ್ತಿದೆ ಅಂತ ಟೀಚರ್ ಫೋನ್ ಮಾಡಿದರು. ಅಮೀನಪ್ಪನವರು ಹೋಗಿ ಮಂಡಿಯೂರಿ ಉಳಿ ಹಾಕಿ ಎಬ್ಬಿಸಿದರೆ, 'ರಾಜ' ಬರೆದ ಹಲಗೆ ಬಿಸ್ಕತ್ತಿನ ಹಾಗೆ ಪುಡಿಯಾಯಿತು. ಪಕ್ಕದ ಹತ್ತು ಹಲಗೆಗಳೂ ಒಳಗೆಲ್ಲ ಟೊಳ್ಳು.

"ಅವತ್ತೇ ಗೊತ್ತಿತ್ತಮ್ಮ ನಂಗೆ. ನಿಮ್ಮ ಮನಸ್ಸಿಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ."

ಟೀಚರ್ ಪುಡಿಯಾದ ಹಲಗೆಯ ಒಂದು ಚೂರನ್ನು ಎತ್ತಿಕೊಂಡರು. ಆಮೇಲೆ, "ಹೇಳಿದ್ದಿದ್ರೆ ಒಂದು ದಿನ ಅಳ್ತಿದ್ದೆ ಅಮೀನಪ್ಪನೋರೆ," ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅಮೀನಪ್ಪನವರಿಗೆ.

ಉಳಿದ ಹಲಗೆಗಳಿಗೆ ಔಷಧಿ ಹೊಡೆದು, ಖಾಲಿ ಜಾಗಕ್ಕೆ ಬೇರೆ ಮರ ಕೂರಿಸಿಕೊಟ್ಟರು. ಕೂಲಿ ತೆಗೆದುಕೊಳ್ಳಲಿಲ್ಲ. ಕೆಲಸವೇನೋ ಅಚ್ಚುಕಟ್ಟಾಗಿ ಬಂತು. ಹೊಸ ಮರ ಯಾವುದು ಅಂತ ನೋಡಿದವರಿಗೆ ಗೊತ್ತಾಗುವುದಿಲ್ಲ. ಟೀಚರಿಗೆ ಮಾತ್ರ ಗೊತ್ತಾಗುತ್ತದೆ. ಟೀಚರ್ ಮನೆಯ ಬೀದಿಯಲ್ಲಿ ಕೆಲಸ ಬಂದರೆ ಅಮೀನಪ್ಪನವರು ಈಗಲೂ ಏನಾದರೂ ನೆಪ ಹೇಳಿ ಬೇರೆಯವರನ್ನು ಕಳಿಸುತ್ತಾರೆ.